ನೀರು ಕುದಿಸಿದರೆ ಫ್ಲೋರೈಡ್ ಹೋಗುತ್ತದೆಯೇ?

ಪ್ರಶ್ನೆ: ನಮ್ಮೂರ ಬೋರ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ ಇದೆ ಅಂತ ಪಂಚಾಯಿತಿಯವರು ಹೇಳಿದ್ದಾರೆ. ಚೆನ್ನಾಗಿ ಕುದಿಸಿ, ಬಟ್ಟೆಯಲ್ಲಿ ಸೋಸಿ ಮಕ್ಕಳಿಗೆ ಕೊಡುತ್ತಿದ್ದೇವೆ. ಇಷ್ಟು ಸಾಕಲ್ಲವೇ ಸಾರ್?

ಸಾಲದು. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ಪಾವಗಡದ ಕಡೆಯಿಂದ, ಬಾಗೇಪಲ್ಲಿ ಕಡೆಯಿಂದ, ಮುಂಡರಗಿ ಕಡೆಯಿಂದ ಇದೇ ಪ್ರಶ್ನೆ ಬರುತ್ತಲೇ ಇದೆ, ನಾನೂ ಇದೇ ಉತ್ತರ ಬರೆಯುತ್ತಲೇ ಇದ್ದೇನೆ. ಒಂದು ಸಾಲಿನಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ ಅನ್ನುವುದು ಈಗ ಗೊತ್ತಾಗಿದೆ. ಅದಕ್ಕೇ ಈ ಸಲ ಬಿಡಿಸಿ ಬರೆಯುತ್ತೇನೆ.

ಈ ನಂಬಿಕೆ ಎಲ್ಲಿಂದ ಬಂತು ಅನ್ನುವುದು ತಿಳಿಯದ್ದೇನಲ್ಲ. ಊರಿನಲ್ಲಿ ವಾಂತಿಭೇದಿ, ಟೈಫಾಯಿಡ್ ಕಾಣಿಸಿದಾಗಲೆಲ್ಲ ಆಶಾ ಕಾರ್ಯಕರ್ತೆಯರು ಮನೆಮನೆಗೆ ಬಂದು "ನೀರು ಕಾಯಿಸಿ, ಆರಿಸಿ ಕುಡೀರಿ" ಅನ್ನುತ್ತಾರೆ. ಆ ಮಾತು ನೂರಕ್ಕೆ ನೂರು ಸರಿ. ಆದರೆ ಅದು ಕ್ರಿಮಿಯ ಮಾತು. ಕ್ರಿಮಿಗೆ ಜೀವವಿದೆ, ಬಿಸಿ ತಾಗಿದರೆ ಸಾಯುತ್ತದೆ. ಫ್ಲೋರೈಡಿಗೆ ಸಾಯಲು ಜೀವವೇ ಇಲ್ಲ. ಅದು ಬಂಡೆಯಿಂದ ಬಿಟ್ಟುಕೊಂಡು ಉಪ್ಪಿನ ಹಾಗೆ ನೀರಿನಲ್ಲಿ ಕರಗಿರುವಂಥದ್ದು.

ಎಂಟನೇ ತರಗತಿಗೆ ವಿಜ್ಞಾನ ಹೇಳಿಕೊಡುತ್ತಿದ್ದಾಗ ಇದನ್ನು ಮಕ್ಕಳ ಎದುರೇ ಮಾಡಿ ತೋರಿಸುತ್ತಿದ್ದೆ. ನಾಲ್ಕು ಲೋಟ ನೀರಿಗೆ ಒಂದು ಚಮಚ ಉಪ್ಪು. ಒಬ್ಬೊಬ್ಬರ ಅಂಗೈಗೂ ನಾಲ್ಕು ಹನಿ ಹಾಕಿ ರುಚಿ ನೋಡಿಸುವುದು. ಆಮೇಲೆ ಸ್ಟೌ ಹಚ್ಚಿ, ಎರಡು ಲೋಟಕ್ಕೆ ಇಳಿಯುವವರೆಗೆ ಕುದಿಸಿ, ಆರಿಸಿ, ಮತ್ತೆ ನಾಲ್ಕು ಹನಿ. ಎಲ್ಲರ ಮುಖವೂ ಕಿವುಚುತ್ತಿತ್ತು. ಒಂದು ವರ್ಷ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, "ಹಂಗಾದ್ರೆ ಕಾಯಿಸಿದ್ರೆ ಫ್ಲೋರೈಡೂ ಜಾಸ್ತಿ ಆಗ್ತದಾ ಸಾರ್?" ಅಂದಳು. ನಾನಿನ್ನೂ ಆ ಮಾತಿಗೆ ಬಂದೇ ಇರಲಿಲ್ಲ. ಆವತ್ತಿನ ಸಂತೋಷ ಇವತ್ತಿಗೂ ನೆನಪಿದೆ.

ಅವಳು ಹೇಳಿದ್ದೇ ಲೆಕ್ಕ. ಬೋರ್ ನೀರಿನಲ್ಲಿ ಲೀಟರಿಗೆ 2 ಮಿಲಿಗ್ರಾಂ ಫ್ಲೋರೈಡ್ ಇದೆ ಅಂದುಕೊಳ್ಳಿ. 10 ಲೀಟರ್ ಒಲೆಯ ಮೇಲಿಟ್ಟರೆ ಅದರಲ್ಲಿರುವುದು 20 ಮಿಲಿಗ್ರಾಂ. ಕುದಿದು 8 ಲೀಟರಿಗೆ ಇಳಿಯಿತು. ಆವಿಯಾಗಿ ಹೋದದ್ದು ನೀರು, 20 ಮಿಲಿಗ್ರಾಂ ಪಾತ್ರೆಯಲ್ಲೇ ಉಳಿಯಿತು. ಈಗ ಲೀಟರಿಗೆ ಎರಡೂವರೆ. ಭಾರತೀಯ ಮಾನಕ ಬ್ಯೂರೋ ಕುಡಿಯುವ ನೀರಿಗೆ ಹಾಕಿರುವ ಮಿತಿ ಲೀಟರಿಗೆ 1 ಮಿಲಿಗ್ರಾಂ. ಬೇರೆ ನೀರೇ ಸಿಗದ ಕಡೆ ಹೆಚ್ಚೆಂದರೆ 1.5.

ಇಷ್ಟು ಹೇಳಿದ ಮೇಲೂ ಒಂದು ಮಾತು ಬಂದೇ ಬರುತ್ತದೆ: "ಕಾಯಿಸಿದ ಪಾತ್ರೆಯ ತಳದಲ್ಲಿ ಬಿಳಿ ಪೊರೆ ಕಟ್ಟುತ್ತಲ್ಲ, ಅದೇ ಫ್ಲೋರೈಡ್ ಅಲ್ವಾ?" ಅಲ್ಲ. ಅದು ಬಹುಪಾಲು ಸುಣ್ಣ, ಅಂದರೆ ಕ್ಯಾಲ್ಸಿಯಂ. ಗಡಸು ನೀರು ಕಾದಾಗ ಸುಣ್ಣ ತಳಕ್ಕೆ ಕೂರುತ್ತದೆ, ಫ್ಲೋರೈಡ್ ಮೇಲಿನ ನೀರಿನಲ್ಲೇ ಇರುತ್ತದೆ. ಫ್ಲೋರೈಡಿನ ಕೈ ಕಟ್ಟಿಹಾಕಲು ದೇಹಕ್ಕೆ ಬೇಕಾದದ್ದೇ ಕ್ಯಾಲ್ಸಿಯಂ. ನೀವು ಅದನ್ನು ಉಜ್ಜಿ ತೊಳೆದು ಚೆಲ್ಲಿ, ಉಳಿದದ್ದನ್ನು ಮಗುವಿಗೆ ಕುಡಿಸುತ್ತಿದ್ದೀರಿ.

ಬಟ್ಟೆಯಲ್ಲಿ ಸೋಸಿದರೂ ಹೋಗುವುದಿಲ್ಲ. ತಾಮ್ರದ ಬಿಂದಿಗೆಯಲ್ಲಿ ರಾತ್ರಿಯೆಲ್ಲ ಇಟ್ಟರೂ ಇಲ್ಲ. ನಾಲಿಗೆಯನ್ನಂತೂ ನಂಬಲೇಬೇಡಿ: ಫ್ಲೋರೈಡ್ ಹೆಚ್ಚಿರುವ ಎಷ್ಟೋ ಬೋರ್‌ಗಳ ನೀರು ಕುಡಿಯಲು ಸಿಹಿಯಾಗಿಯೇ ಇರುತ್ತದೆ. ಫಿಲ್ಟರ್ ಮಾರಲು ಬರುವವರು ನೀರಿಗೆ ಅದ್ದಿ ತೋರಿಸುವ ಟಿಡಿಎಸ್ ಮೀಟರ್ ಕರಗಿದ ಲವಣಗಳನ್ನೆಲ್ಲ ಒಟ್ಟಿಗೆ ಅಂದಾಜು ಮಾಡುತ್ತದೆ, ಅದರಲ್ಲಿ ಫ್ಲೋರೈಡ್ ಎಷ್ಟು ಅಂತ ಹೇಳುವುದಿಲ್ಲ.

ಹೋಗುವುದು ಹೇಗೆ? ಊರಿನ ಶುದ್ಧ ನೀರಿನ ಘಟಕದಲ್ಲಿರುವ ಆರ್‌ಒ ತೆಗೆಯುತ್ತದೆ, ಅದರೊಳಗಿನ ಸೋಸುವ ಪೊರೆ (ಮೆಂಬ್ರೇನ್) ಕಾಲಕಾಲಕ್ಕೆ ಬದಲಿಸಿದ್ದರೆ. ಪಟಿಕ ಮತ್ತು ಸುಣ್ಣ ಹಾಕಿ ತಿಳಿಗೊಳಿಸುವ ನಲ್ಗೊಂಡ ವಿಧಾನವೂ ಇದೆ, ಆದರೆ ಅಳತೆ ತಪ್ಪಬಾರದು. ಮಳೆನೀರಿನಲ್ಲಿ ಫ್ಲೋರೈಡ್ ಇಲ್ಲವೆನ್ನುವಷ್ಟು ಕಡಿಮೆ. ತಾರಸಿಯಿಂದ ಹಿಡಿದು ಸಂಪಿನಲ್ಲಿ ಸ್ವಚ್ಛವಾಗಿಟ್ಟರೆ ಅದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ. ಮಳೆನೀರನ್ನು ಕಾಯಿಸಿ ಕುಡಿಯಿರಿ, ಅಲ್ಲಿ ಕಾಯಿಸುವುದಕ್ಕೆ ಅರ್ಥವಿದೆ.

ಐದು ರೂಪಾಯಿ ಹಾಕಿ ಘಟಕದಿಂದ ಕ್ಯಾನ್ ತರುವ ಮನೆಗಳಲ್ಲೂ ಒಂದು ತಪ್ಪು ನಡೆಯುತ್ತದೆ. ಕ್ಯಾನ್ ನೀರು ಕುಡಿಯಲು ಮಾತ್ರ, ಮುದ್ದೆ, ಅನ್ನ, ಸಾರಿಗೆಲ್ಲ ನಲ್ಲಿಯ ಬೋರ್ ನೀರು. ಅಕ್ಕಿ ಎರಡರಷ್ಟು ನೀರು ಹೀರಿ ಅನ್ನವಾಗುತ್ತದೆ. ಆ ನೀರು ಹೊಟ್ಟೆಗೇ ಹೋಗುವುದು.

ಇನ್ನೊಂದು ವಿಷಯ, ನೀವು ಕೇಳದಿದ್ದರೂ ಹೇಳಬೇಕು. ಅಜ್ಜಿಯ ಹಲ್ಲು ಬೆಳ್ಳಗಿದ್ದು ಮೊಮ್ಮಗಳ ಹಲ್ಲು ಕಂದುಗಟ್ಟಿರುವ ಮನೆಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಹುಡುಗಿ ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುತ್ತಾಳೆ, ಮನೆಯವರು ಸರಿಯಾಗಿ ಉಜ್ಜುವುದಿಲ್ಲ ಅಂತ ಬೈಯುತ್ತಾರೆ. ಉಜ್ಜಿದರೆ ಹೋಗುವ ಕಲೆಯಲ್ಲ ಅದು, ಹಲ್ಲು ಒಸಡಿನೊಳಗೆ ರೂಪುಗೊಳ್ಳುವಾಗಲೇ ಫ್ಲೋರೈಡಿನಿಂದ ಕೂತದ್ದು. ಬೈಯಬೇಡಿ. ಅಜ್ಜಿ ಕುಡಿದದ್ದು ಕೆರೆ ತುಂಬಿದಾಗ ತುಂಬುತ್ತಿದ್ದ ತೆರೆದ ಬಾವಿಯ ನೀರು. ಮೊಮ್ಮಗಳು ಕುಡಿಯುತ್ತಿರುವುದು ಸಾವಿರ ಅಡಿಗೂ ಕೆಳಗೆ, ಗ್ರಾನೈಟಿನ ಸಂದಿನಲ್ಲಿ ಎಷ್ಟೋ ಕಾಲ ನಿಂತು ಫ್ಲೋರೈಡ್ ಹೀರಿದ ನೀರು. ಈ ನಡುವೆ ಕೆರೆಗಳಲ್ಲಿ ಹೂಳು ತುಂಬಿತು. 1980ರ ದಶಕದ ಸಾಮಾಜಿಕ ಅರಣ್ಯ ಯೋಜನೆಯಲ್ಲಿ ಕೋಲಾರ ಸೀಮೆಯ ಹೊಲಗಳಿಗೆ ನೆಲದ ನೀರು ಹೀರುವ ನೀಲಗಿರಿ ಮರ ಬಂತು. ಹೊಸದಾಗಿ ನೆಡಬಾರದು ಅನ್ನುವ ಸರ್ಕಾರಿ ಆದೇಶಕ್ಕೆ 2017 ಆಗಬೇಕಾಯಿತು. 10 ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಕರೆಂಟು ಉಚಿತವಾಯಿತು, ಬೋರ್ ಇನ್ನೂ ಆಳಕ್ಕೆ ಇಳಿಯಿತು. ಇದರಲ್ಲಿ ಆ ಹುಡುಗಿಯ ತಪ್ಪು ಯಾವುದು?

ತಟ್ಟೆಯೂ ಬದಲಾಯಿತು, ರಾಗಿಯ ಜಾಗಕ್ಕೆ ಅಕ್ಕಿ ಬಂತು. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಅಷ್ಟೇ ಅಕ್ಕಿಯಲ್ಲಿ ಹತ್ತರ ಆಸುಪಾಸು. ಊಟದಲ್ಲಿ ಕ್ಯಾಲ್ಸಿಯಂ ಕಡಿಮೆ ಇರುವ ಮಕ್ಕಳ ಮೂಳೆಗೆ ಇದೇ ನೀರು ಹೆಚ್ಚು ಹಾನಿ ಮಾಡುತ್ತದೆ. 2013ರಲ್ಲಿ ಕ್ಷೀರಭಾಗ್ಯ ಶುರುವಾಗಿ ಶಾಲೆಯಲ್ಲಿ ಹಾಲು ಕೊಡತೊಡಗಿದಾಗ ನನಗೆ ಮೊದಲು ನೆನಪಾದದ್ದು ಈ ಮಕ್ಕಳೇ. ಹಾಲು ಬೇಡ ಅಂತ ಮಗು ಹಟ ಮಾಡಿದರೂ ಬಿಡಿಸಬೇಡಿ. ರೇಷನ್ನಿನಲ್ಲಿ ಬಂದ ರಾಗಿಯನ್ನು ಮಾರಬೇಡಿ, ಕೋಳಿಗೆ ಚೆಲ್ಲಬೇಡಿ. ಕಲ್ಲು ಆರಿಸಿ, ಮಿಲ್ಲಿಗೆ ಹಾಕಿಸಿ, ಬೆಳಿಗ್ಗೆ ಶಾಲೆಗೆ ಹೊರಡುವ ಮುಂಚೆ ಒಂದು ಲೋಟ ಗಂಜಿ ಮಾಡಿ ಕೊಡಿ. ಕ್ಯಾನ್ ನೀರಿನಲ್ಲಿ.