ಪಳೆಯುಳಿಕೆ ಅಂದರೆ ಬರೀ ಹಳೇದಲ್ಲ

ಈ ವಾರ ಮೂರನೇ ಸಲ ಓದಿದೆ: 'ಹಂಪಿಯ ಪಳೆಯುಳಿಕೆಗಳು'. ಹಂಪಿಯಲ್ಲಿ ಕಾಣುವುದು ಅವಶೇಷ. 'ಹಾಳು ಹಂಪಿ' ಅನ್ನುವ ಒಳ್ಳೆಯ ಮಾತೂ ನಮ್ಮಲ್ಲಿದೆ. ಮನುಷ್ಯ ಕೆತ್ತಿದ ಕಂಬ, ಕಟ್ಟಿದ ಗೋಡೆ, ಟಂಕಿಸಿದ ನಾಣ್ಯ ಎಷ್ಟೇ ಹಳೆಯದಾಗಲಿ, ಪಳೆಯುಳಿಕೆ ಅಲ್ಲ. ಬಹಳ ಹಿಂದೆ ಜೀವ ಇದ್ದದ್ದು, ಇಲ್ಲವೇ ಆ ಜೀವ ಬಿಟ್ಟುಹೋದ ಗುರುತು, ಇವಕ್ಕೆ ಮಾತ್ರ ಈ ಹೆಸರು. ಎಲುಬು, ಚಿಪ್ಪು, ಹೆಜ್ಜೆಗುರುತು, ಕಲ್ಲಾದ ಸಗಣಿ ಕೂಡ.

ಗೊಂದಲ ಹುಟ್ಟುವುದು ಪದದ ಮೊದಲ ತುಂಡಿನಿಂದ. ಹಳಗನ್ನಡದ ಪಕಾರ ಮುಂದೆ ಹಕಾರ ಆಯಿತು. ಪಾಲು ಹಾಲಾಯಿತು, ಪಾವು ಹಾವಾಯಿತು, ಪೂ ಹೂವಾಯಿತು. 'ಪಳೆಯ' ಹಾಗೇ 'ಹಳೆಯ' ಆಯಿತು. ಈ ಪದದಲ್ಲಿ ಆ ಪಕಾರ ಇನ್ನೂ ಕೂತಿದೆ. ಹೇಳುವಾಗಲೇ ಹಳೆಯ ಕಾಲ ಕೇಳಿಸುತ್ತದೆ, ನನಗಂತೂ ತುಂಬಾ ಇಷ್ಟ. ಆದರೆ ಓದುವವರು 'ಪಳೆ'ಯ ಹತ್ತಿರವೇ ನಿಂತುಬಿಡುತ್ತಾರೆ. ಹಳೇದು ತಾನೇ, ಹಾಕಿಬಿಡೋಣ ಅಂತ. ಇಂಗ್ಲಿಷಿನ ಫಾಸಿಲ್ ಬಂದದ್ದು 'ಅಗೆದು ತೆಗೆದದ್ದು' ಎಂಬ ಲ್ಯಾಟಿನ್ ಪದದಿಂದ. ಒಂದು ಕಾಲಕ್ಕೆ ನೆಲದಿಂದ ತೆಗೆದ ಖನಿಜವನ್ನೂ ಅವರು ಹಾಗೇ ಕರೆಯುತ್ತಿದ್ದರು. ನಮ್ಮ ಪದ ಅಗೆದದ್ದನ್ನು ಹೇಳುವುದಿಲ್ಲ, ಉಳಿದದ್ದನ್ನು ಹೇಳುತ್ತದೆ. ಒತ್ತು ಬೀಳಬೇಕಾದದ್ದು 'ಉಳಿಕೆ'ಯ ಮೇಲೆ.

ಏನು ಉಳಿಯುತ್ತದೆ? ಒಂದು ಕಾಲೆಲುಬನ್ನೇ ನೋಡಿ. 1989ರಲ್ಲಿ ಕೆನಡಾದ ಆಲ್ಬರ್ಟಾದಲ್ಲಿ, ಡೈನೋಸಾರ್ ಪ್ರಾವಿನ್ಷಿಯಲ್ ಪಾರ್ಕಿನಲ್ಲಿ ಸಿಕ್ಕಿದ್ದು. ಸೆಂಟ್ರೋಸಾರಸ್ ಎಂಬ ಡೈನೋಸಾರಿನದು. ಮೂಗಿನ ಮೇಲೆ ಕೊಂಬು, ಊಟ ಬರೀ ಗಿಡಸೊಪ್ಪು, ಕಾಲ ಸುಮಾರು 7.6 ಕೋಟಿ ವರ್ಷದ ಹಿಂದೆ. ಮಂಡಿಯ ಕೆಳಗೆ ಎರಡು ಎಲುಬು ಇರ್ತವೆ ಅಲ್ವಾ, ಅದರಲ್ಲಿ ತೆಳ್ಳಗಿನದು, ಫಿಬ್ಯುಲಾ. ಅದರ ಒಂದು ತುದಿ ಊದಿಕೊಂಡು ಗಂಟುಗಂಟಾಗಿತ್ತು. ಮುರಿದು ಕೂಡಿಕೊಳ್ಳುತ್ತಿದ್ದ ಎಲುಬು ಅಂದುಕೊಂಡು ಎತ್ತಿಟ್ಟಿದ್ದರು.

ಮಣ್ಣಿನಡಿ ಎಲುಬಿನ ಸಣ್ಣ ಸಣ್ಣ ತೂತುಗಳಿಗೆ ನೀರಿನ ಜೊತೆ ಖನಿಜ ಇಳಿದು ಗಟ್ಟಿಯಾಗುತ್ತದೆ. ಮುಟ್ಟಿದರೆ ಕಲ್ಲು. ಒಳಗಿನ ನೇಯ್ಗೆ ಮಾತ್ರ ಇದ್ದ ಹಾಗೇ ಇರಬಹುದು. ಇಲ್ಲಿ ಆದದ್ದು ಅದೇ. ಡೈನೋಸಾರ್ ತಜ್ಞರೂ ಡಾಕ್ಟರುಗಳೂ ಸೇರಿ ಇದನ್ನು ಸಿ.ಟಿ. ಸ್ಕ್ಯಾನ್ ಮಾಡಿದರು. ತೆಳುವಾಗಿ ಸೀಳಿ ಸೂಕ್ಷ್ಮದರ್ಶಕದಡಿ ಇಟ್ಟರು. ಇದೇ ಜಾತಿಯ ಆರೋಗ್ಯವಂತ ಎಲುಬನ್ನೂ ಕ್ಯಾನ್ಸರ್ ತಗುಲಿದ್ದ ಮನುಷ್ಯನ ಫಿಬ್ಯುಲಾವನ್ನೂ ಪಕ್ಕದಲ್ಲಿಟ್ಟು ಹೋಲಿಸಿದರು. 2020ರಲ್ಲಿ ದಿ ಲ್ಯಾನ್ಸೆಟ್ ಆಂಕಾಲಜಿ ಪತ್ರಿಕೆಯಲ್ಲಿ ಫಲಿತಾಂಶ ಬಂತು: ಆಸ್ಟಿಯೋಸಾರ್ಕೋಮಾ, ಅಂದರೆ ಎಲುಬಿನ ಕ್ಯಾನ್ಸರ್, ಅದೂ ಮುಂದುವರಿದ ಹಂತದ್ದು. ಎಲುಬು ಕಲ್ಲಾಯಿತು, ಕಾಯಿಲೆಯ ಗುರುತು ಅಳಿಯಲಿಲ್ಲ. ಉಳಿಕೆ ಅಂದರೆ ಇದು.

ಪ್ರಾಣಿ ಸತ್ತದ್ದು ಬಹುಶಃ ಆ ಕಾಯಿಲೆಯಿಂದಲ್ಲ. ಎಲುಬು ಸಿಕ್ಕಿದ್ದು ಅದೇ ಜಾತಿಯ ಎಷ್ಟೋ ಪ್ರಾಣಿಗಳ ಎಲುಬಿನ ರಾಶಿಯಲ್ಲಿ. ಇಡೀ ಹಿಂಡು ಪ್ರವಾಹಕ್ಕೆ ಸಿಕ್ಕಿರಬೇಕು. ಬಹುಶಃ ಕುಂಟುತ್ತಿದ್ದ ಇದೂ ಕೊನೆಯವರೆಗೂ ಹಿಂಡಿನ ಜೊತೆಗೇ ಇದ್ದಿರಬೇಕು.