ಗುಡ್ಡ ಕುಸಿದಾಗಲೆಲ್ಲ ಮಳೆಯತ್ತ ಬೆರಳು: ಭೂಕುಸಿತ ಸಂಶೋಧನೆಯ ಹಿನ್ನೆಲೆ

2009ರಲ್ಲಿ ಕಾರವಾರದ ಕಡವಾಡ, 2018ರಲ್ಲಿ ಕೊಡಗು, 2020ರಲ್ಲಿ ತಲಕಾವೇರಿ, 2021ರಲ್ಲಿ ಯಲ್ಲಾಪುರದ ಕಳಚೆ, 2024ರ ಜುಲೈ 16ರಂದು ಅಂಕೋಲಾದ ಶಿರೂರು. ಪ್ರತಿ ಕುಸಿತದ ಬೆನ್ನಿಗೇ ವಾದಗಳೂ ಏಳುತ್ತವೆ: ಅತಿವೃಷ್ಟಿ, ಜಲಸ್ಫೋಟ, ಭೂಕಂಪನ, ಇಂಗುಗುಂಡಿ, ಹೋಂಸ್ಟೇ, ಹೆದ್ದಾರಿ. ಯಾವುದನ್ನು ನಂಬುವುದೆಂದು ತಿಳಿಯದಷ್ಟು ಇವು ಒಂದಕ್ಕೊಂದು ಹೆಣೆದುಕೊಂಡಿವೆ.

ವಿಜ್ಞಾನ ಇದರ ಎಳೆ ಬಿಡಿಸಲು ತೊಡಗಿ ಬಹಳ ಕಾಲವಾಯಿತು. ನೀರು ಮಣ್ಣನ್ನು ಜಾರುವಂತೆ ಮಾಡುತ್ತದೆ ಎಂಬ ಸರಳ ನಂಬಿಕೆಯನ್ನು ಮಣ್ಣು ವಿಜ್ಞಾನಿ ಕಾರ್ಲ್ ಟೆರ್ಜಾಗಿ 1950ರಲ್ಲೇ ಪ್ರಶ್ನಿಸಿದರು. ಮಣ್ಣಿನ ಕಣಗಳ ನಡುವೆ ಸಿಕ್ಕಿಕೊಂಡ ನೀರಿನ ಒತ್ತಡ ಏರಿದಾಗ ಕಣಗಳ ಹಿಡಿತ ಸಡಿಲಗೊಳ್ಳುತ್ತದೆ ಎಂಬುದು ಅವರ ವಿವರಣೆ. 1963ರಲ್ಲಿ ಇಟಲಿಯ ವಾಯೊಂಟ್ ಜಲಾಶಯಕ್ಕೆ ಬೆಟ್ಟದ ಪಾರ್ಶ್ವವೇ ಜಾರಿ ಸುಮಾರು 2,000 ಜನ ಸತ್ತ ಮೇಲೆ ಈ ವಿಷಯಕ್ಕೆ ತುರ್ತು ಬಂತು. 1980ರಲ್ಲಿ ಭೂರೂಪ ವಿಜ್ಞಾನಿ ನೆಲ್ ಕೇನ್ 73 ಭೂಕುಸಿತ ಘಟನೆಗಳನ್ನು ಆಧರಿಸಿ, ಎಷ್ಟು ಹೊತ್ತು ಎಷ್ಟು ಬಿರುಸಿನ ಮಳೆ ಸುರಿದರೆ ಅಪಾಯ ಎಂಬುದಕ್ಕೆ ಒಂದು ಮಿತಿರೇಖೆ ಎಳೆದರು.

ನಮ್ಮ ಕರಾವಳಿಗೆ ಬಂದರೆ ಕಥೆ ಮಣ್ಣಿನ ಪದರಗಳಲ್ಲಿದೆ. ಮೇಲೆ ರಂಧ್ರಗಳಿರುವ ಜಂಬಿಟ್ಟಿಗೆ, ಅದರಡಿ ಬಿಳಿ, ಹಳದಿ, ನಸುಗೆಂಪು ಬಣ್ಣದ ಶೇಡಿ ಮಣ್ಣು, ಕೆಳಗೆ ಬಂಡೆ. ಜಂಬಿಟ್ಟಿಗೆಯಲ್ಲಿ ಸರಾಗವಾಗಿ ಇಳಿದ ಮಳೆನೀರು ನಯವಾದ ಶೇಡಿಯಲ್ಲಿ ನಿಧಾನಿಸಿ ಅಲ್ಲೇ ಕಟ್ಟಿಕೊಳ್ಳುತ್ತದೆ. ಮೋಸ ಇರುವುದೇ ಈ ಶೇಡಿಯಲ್ಲಿ. ಬೇಸಿಗೆಯಲ್ಲಿ ನೆಟ್ಟಗೆ ಕಡಿದರೂ ಗೋಡೆಯಂತೆ ನಿಲ್ಲುವುದರಿಂದ ಗುಡ್ಡ ಭದ್ರವಾಗಿದೆ ಎನಿಸುತ್ತದೆ. ಆಷಾಢದಲ್ಲಿ ನೀರು ಕುಡಿದು ತುಂಬಿದಾಗ ಅದೇ ಮಣ್ಣು ಬಲ ಕಳೆದುಕೊಂಡು ಕೆಸರಾಗುತ್ತದೆ. ಬುಡ ಕಡಿದಿದ್ದರೆ ಮೇಲಿನ ಭಾರಕ್ಕೆ ಆಸರೆಯೇ ಇರುವುದಿಲ್ಲ. ಊರವರು ಜಲಸ್ಫೋಟ ಎನ್ನುವ ಸದ್ದು ಮತ್ತು ಚಿಮ್ಮುವ ನೀರು ಕಲ್ಪನೆಯಲ್ಲ. ಒಳಗೆ ಕಟ್ಟಿಕೊಂಡ ಒತ್ತಡ ಒಮ್ಮೆಲೇ ದಾರಿ ಕಂಡುಕೊಂಡ ಗುರುತು ಅದು.

ಕೊಡಗಿನಲ್ಲಿ 2018ರ ಜುಲೈನಲ್ಲಿ ಸಣ್ಣ ಭೂಕಂಪನ ಆಗಿತ್ತು, ನಿಜ. ಆದರೆ ಜೋಡುಪಾಲ, ಮಕ್ಕಂದೂರು ಭಾಗದ ಗುಡ್ಡಗಳು ಜಾರಿದ್ದು ಒಂದು ತಿಂಗಳು ಕಳೆದು, ಆಗಸ್ಟ್‌ನ ಎಡೆಬಿಡದ ಮಳೆಯಲ್ಲಿ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ತಜ್ಞರು ಅಲ್ಲಿಯೂ ಶಿರೂರಿನಲ್ಲಿಯೂ ಮಳೆಯ ಜೊತೆಗೆ ಕಡಿದ ಇಳಿಜಾರುಗಳನ್ನು ಗುರುತಿಸಿದರು. ಮಳೆ ನೆಪವಲ್ಲ, ಕಾರಣವೇ. ಆದರೆ ಅಷ್ಟೇ ಮಳೆ ಪಕ್ಕದ ಕಡಿಯದ ಗುಡ್ಡದ ಮೇಲೂ ಸುರಿದಿರುತ್ತದೆ ಎಂಬುದನ್ನು ಮರೆಯುವಂತಿಲ್ಲ.

ಇದೇ ಸಂಸ್ಥೆ 2014ರಲ್ಲಿ ಆರಂಭಿಸಿದ ಭೂಕುಸಿತ ಸಾಧ್ಯತೆಯ ನಕ್ಷೆಗಳು 1:50,000 ಪ್ರಮಾಣದವು, ಅಂದರೆ ನೆಲದ 50 ಮೀಟರ್ ನಕ್ಷೆಯಲ್ಲಿ ಒಂದು ಮಿಲಿಮೀಟರ್. ರಸ್ತೆಬದಿಯಲ್ಲಿ 30 ಮೀಟರ್ ಅಗಲ ಕಡಿದ ಜಾಗ ಅಂಥ ನಕ್ಷೆಯಲ್ಲಿ ಒಂದು ಮಿಲಿಮೀಟರ್ ಕೂಡ ಆಗುವುದಿಲ್ಲ. ಶಿರೂರು ಕುಸಿದ ಮೂರೇ ದಿನಕ್ಕೆ ಕೋಲ್ಕತ್ತದಲ್ಲಿ ರಾಷ್ಟ್ರೀಯ ಭೂಕುಸಿತ ಮುನ್ಸೂಚನಾ ಕೇಂದ್ರ ಉದ್ಘಾಟನೆಯಾಯಿತು. ಮೊದಲ ಮುನ್ಸೂಚನೆಗಳು ಡಾರ್ಜಿಲಿಂಗ್, ಕಾಲಿಂಪಾಂಗ್, ನೀಲಗಿರಿಗೆ ಸಂದವು. ಪಶ್ಚಿಮ ಘಟ್ಟದ ಹೆದ್ದಾರಿಗಳಿಗೆ ಬೇಕಿರುವುದು ಇದಕ್ಕಿಂತ ಸೂಕ್ಷ್ಮವಾದ ಕೆಲಸ: ಕಡಿದ ಪ್ರತಿ ಇಳಿಜಾರಿನಲ್ಲೂ ಶೇಡಿ ಎಷ್ಟು ಆಳದಲ್ಲಿದೆ ಎಂದು ಕೊರೆದು ನೋಡುವುದು, ಮಳೆಗಾಲದಲ್ಲಿ ಒಳಗಿನ ನೀರಿನ ಮಟ್ಟ ಅಳೆಯುವುದು, ಆ ಅಂಕಿಗಳನ್ನು ಗುಡ್ಡದ ಕೆಳಗೆ ಮನೆ, ಅಂಗಡಿ ಇರುವವರ ಕೈಗೆ ಕೊಡುವುದು.