ಪಾರ್ಕಿನ ಜಿಮ್‌ಗೆ ಎರಡು ಬಾಗಿಲು

ಪಾರ್ಕಿನೊಳಗೆ ಆಟದ ಕಟ್ಟಡ ಕಟ್ಟಲು ಹೊರಟವರು ಮೊದಲು ಕೊಡುವ ಭರವಸೆ ಒಂದೇ: ಇದು ಎದ್ದು ಕಾಣೋದಿಲ್ಲ, ಹಸಿರಿನ ಜೊತೆ ಹೊಂದಿಕೊಂಡು ಹೋಗುತ್ತೆ. ನ್ಯೂಯಾರ್ಕಿನ ಮಾರ್ನಿಂಗ್‌ಸೈಡ್ ಪಾರ್ಕಿನಲ್ಲಿ 1960ರ ದಶಕದಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯ ಯೋಜಿಸಿದ್ದ ಜಿಮ್ ಕೂಡ ಬಂಡೆಯ ಇಳಿಜಾರಿಗೆ ಒರಗಿ ನಿಲ್ಲಬೇಕಿದ್ದ ಕಟ್ಟಡವೇ. ಆದರೆ ಗುಂಡಿ ತೋಡಿದ್ದಷ್ಟೇ, ಗೋಡೆ ಏಳಲಿಲ್ಲ. ಜಗಳ ಬರೀ ಮರಗಿಡಗಳದ್ದಾಗಿರಲಿಲ್ಲ.

ಪಾರ್ಕಿನಲ್ಲಿ ಆಟ ಬೇಕೇ ಬೇಡವೇ ಅನ್ನುವ ತಕರಾರು ಪಾರ್ಕುಗಳಷ್ಟೇ ಹಳೆಯದು. ಇಂಗ್ಲೆಂಡಿನ ಬರ್ಕನ್‌ಹೆಡ್‌ನಲ್ಲಿ 1847ರಲ್ಲಿ ತೆರೆದ ಸಾರ್ವಜನಿಕ ಪಾರ್ಕಿನಲ್ಲಿ ಕ್ರಿಕೆಟ್ಟಿಗೂ ಜಾಗ ಸಿಕ್ಕಿತು. 1850ರಲ್ಲಿ ಅದನ್ನು ನೋಡಿ ಬೆರಗಾದವರು, ಮುಂದೆ ಪಾರ್ಕುಗಳ ವಿನ್ಯಾಸಕ್ಕೆ ಹೆಸರಾದ ಅಮೆರಿಕದ ಫ್ರೆಡರಿಕ್ ಲಾ ಓಮ್‌ಸ್ಟೆಡ್. 1858ರಲ್ಲಿ ವಾಸ್ತುಶಿಲ್ಪಿ ಕ್ಯಾಲ್ವರ್ಟ್ ವಾಕ್ಸ್ ಜೊತೆ ಸೇರಿ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನ ನಕ್ಷೆ ಮಾಡಿದಾಗ ಮಾತ್ರ ಅವರು ಆಟದ ವಿಷಯದಲ್ಲಿ ಕೈ ಬಿಗಿ ಹಿಡಿದರು. ಪಾರ್ಕು ಮನಸ್ಸಿಗೆ ತಂಪು ಕೊಡಬೇಕು, ಕಟ್ಟಡಗಳು ನೋಟಕ್ಕೆ ಅಡ್ಡ ಬರಬಾರದು ಅನ್ನೋದು ಅವರ ನಿಲುವು. ಶುರುವಿನ ವರ್ಷಗಳಲ್ಲಿ ಅಲ್ಲಿ ಚೆಂಡಾಡಬೇಕಾದರೆ ಹುಡುಗರು ಹೆಡ್‌ಮಾಸ್ತರರ ಚೀಟಿ ತರಬೇಕಿತ್ತು! ಬಡಾವಣೆಯ ಜನ ಆಟದ ಜಾಗ ಕೇಳುತ್ತಲೇ ಇದ್ದರು. 1930ರ ದಶಕದಲ್ಲಿ ಪಾರ್ಕು ಇಲಾಖೆ ಹಿಡಿದ ರಾಬರ್ಟ್ ಮೋಸೆಸ್ ಊರಿನ ತುಂಬ ನೂರಾರು ಆಟದ ಅಂಗಳ ಮಾಡಿಸಿದರು. ಅಲ್ಲಿಗೆ ಆಟ ಗೆದ್ದಿತು ಅನ್ನಬಹುದು.

ಮಾರ್ನಿಂಗ್‌ಸೈಡ್ ಪಾರ್ಕು ಕೂಡ ಓಮ್‌ಸ್ಟೆಡ್ ಮತ್ತು ವಾಕ್ಸ್ ಅವರ ಕೈಕೆಲಸವೇ. ಸುಮಾರು 30 ಎಕರೆ, ಉದ್ದಕ್ಕೆ ಚಾಚಿದ ಪಟ್ಟಿ. ಅದರ ನಡುವೆ ಕಡಿದಾದ ಬಂಡೆ. ಇಲ್ಲಿ ರಸ್ತೆ ಹಾಕೋದೇ ಕಷ್ಟವಾಗಿದ್ದರಿಂದ ಜಾಗ ಪಾರ್ಕಾಗಿ ಉಳಿಯಿತು. ಬಂಡೆಯ ನೆತ್ತಿಯ ಮೇಲಿನ ಬಡಾವಣೆಗೆ 1897ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯ ಬಂತು. ಬುಡದಲ್ಲಿ ಹಾರ್ಲೆಮ್. 20ನೇ ಶತಮಾನದ ಮಧ್ಯದ ಹೊತ್ತಿಗೆ ಮೇಲಿನವರು ಹೆಚ್ಚಾಗಿ ಬಿಳಿಯರು, ಕೆಳಗಿನವರು ಹೆಚ್ಚಾಗಿ ಕಪ್ಪು ಜನ. ನಡುವೆ ಇದ್ದದ್ದು ಪಾರ್ಕೊಂದೇ.

1950ರ ದಶಕದ ಕೊನೆಗೆ ಕೊಲಂಬಿಯಾ ಪಾರ್ಕಿನ ದಕ್ಷಿಣದ ತುದಿಯಲ್ಲಿ ಆಟದ ಮೈದಾನ ಮಾಡಿತು. ಅದನ್ನು ಹಾರ್ಲೆಮ್‌ನ ಮಕ್ಕಳೂ ಬಳಸಬಹುದಿತ್ತು. ಅದರ ಬೆನ್ನಿಗೇ ದೊಡ್ಡ ಜಿಮ್ಮಿನ ಯೋಚನೆ ಬಂತು. ಪಾರ್ಕಿನ ನೆಲ ಸಾರ್ವಜನಿಕರದ್ದು, ಸುಮ್ನೆ ಕೊಡುವ ಹಾಗಿಲ್ಲ. ಅದಕ್ಕಾಗಿ 1960ರಲ್ಲಿ ರಾಜ್ಯದ ಶಾಸನಸಭೆಯ ಒಪ್ಪಿಗೆ ಪಡೆದರು. ಮರುವರ್ಷ 2.1 ಎಕರೆಗೆ ಗುತ್ತಿಗೆ ಆಯಿತು. ಬಾಡಿಗೆ ವರ್ಷಕ್ಕೆ 3,000 ಡಾಲರ್. ನ್ಯೂಯಾರ್ಕಿನ ದುಬಾರಿ ಮ್ಯಾನ್‌ಹ್ಯಾಟನ್ನಿನಲ್ಲಿ ಇದು ಬಿಟ್ಟಿ ಕೊಟ್ಟ ಹಾಗೆಯೇ ಅಲ್ವಾ?

ಇನ್ನು ನಕ್ಷೆಗೆ ಬರೋಣ. ಕಟ್ಟಡ ಇಳಿಜಾರಿನಲ್ಲಿ ಕೂರುತ್ತಿತ್ತು, ಹಾಗಾಗಿ ಮೇಲಿನ ರಸ್ತೆಯಿಂದಲೂ ಒಳಗೆ ಹೋಗಬಹುದು, ಕೆಳಗಿನ ಪಾರ್ಕಿನಿಂದಲೂ ಹೋಗಬಹುದು. ಇಳಿಜಾರಿನಲ್ಲಿ ಕಟ್ಟುವ ಯಾರೇ ಆದರೂ ಎರಡು ಕಡೆ ಬಾಗಿಲು ಇಡುತ್ತಾರೆ, ಅದರಲ್ಲಿ ತಪ್ಪೇನಿಲ್ಲ. ತೊಂದರೆ ಇದ್ದದ್ದು ಹಂಚಿಕೆಯಲ್ಲಿ. ಮೇಲಿನ ಬಾಗಿಲು ವಿದ್ಯಾರ್ಥಿಗಳಿಗೆ, ಕಟ್ಟಡದ ಬಹುಪಾಲೂ ಅವರಿಗೇ. ಕೆಳಗಿನ ಬಾಗಿಲು ಹಾರ್ಲೆಮ್‌ನವರಿಗೆ, ಅವರ ಪಾಲಿಗೆ ತಳದ ಅಂತಸ್ತುಗಳು, ಮೊದಲ ಲೆಕ್ಕದಲ್ಲಿ ಶೇಕಡಾ 12ರಷ್ಟು. ಒಳಗೂ ಇಬ್ಬರ ಜಾಗ ಬೇರೆ ಬೇರೆ. ತಕರಾರು ಜೋರಾದ ಮೇಲೆ ಊರಿನವರಿಗಾಗಿ ಒಂದು ಈಜುಕೊಳವನ್ನೂ ಸೇರಿಸಿದರು, ಬಾಗಿಲುಗಳು ಮಾತ್ರ ಹಾಗೇ ಉಳಿದವು. ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ಕಪ್ಪು ಜನರಿಗೆ ಬೇರೆ ಬಾಗಿಲು ಇಡುವುದನ್ನು ಕಾನೂನು ತಡೆದದ್ದು 1964ರಲ್ಲಿ. ಆ ನೆನಪು ಇನ್ನೂ ಹಸಿಯಾಗಿತ್ತು.

ಕೊಲಂಬಿಯಾ ಅಂದಕೂಡಲೇ ನಮಗೆ ನೆನಪಾಗೋದು ಅಂಬೇಡ್ಕರ್. 1913ರಿಂದ 1916ರವರೆಗೆ ಅವರು ಓದಿದ್ದು ಇದೇ ಬಂಡೆಯ ಮೇಲಿನ ಕಾಲೇಜಿನಲ್ಲಿ. ಒಂದೇ ಕಟ್ಟಡಕ್ಕೆ ಹಿಂದಿನ ಬಾಗಿಲಿನಿಂದ ಬನ್ನಿ ಅಂದರೆ ಹೇಗನಿಸುತ್ತೆ ಅಂತ ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ.

1966ರಲ್ಲಿ ಪಾರ್ಕು ಇಲಾಖೆಗೆ ಹೊಸದಾಗಿ ಮುಖ್ಯಸ್ಥರಾಗಿ ಬಂದ ಥಾಮಸ್ ಹೋವಿಂಗ್ ಬಹಿರಂಗವಾಗಿಯೇ ಈ ಜಿಮ್ಮನ್ನು ವಿರೋಧಿಸಿದರು. ಆದರೆ ಗುತ್ತಿಗೆಗೆ ಆಗಲೇ ಸಹಿ ಬಿದ್ದಿತ್ತು. 1968ರ ಫೆಬ್ರವರಿಯಲ್ಲಿ ಅಗೆಯಲು ಶುರು ಮಾಡಿದರು. ಏಪ್ರಿಲ್ 4ರಂದು ಮಾರ್ಟಿನ್ ಲೂಥರ್ ಕಿಂಗ್ ಅವರ ಕೊಲೆಯಾಯಿತು. ಏಪ್ರಿಲ್ 23ರಂದು ವಿದ್ಯಾರ್ಥಿಗಳು ಪಾರ್ಕಿಗೆ ನುಗ್ಗಿ ಕೆಲಸದ ಜಾಗದ ಬೇಲಿ ಕಿತ್ತರು. ಅಲ್ಲಿಂದ ವಾಪಸ್ ಬಂದು ಕೊಲಂಬಿಯಾದ ಹ್ಯಾಮಿಲ್ಟನ್ ಹಾಲ್ ಅನ್ನುವ ಕಟ್ಟಡ ಹಿಡಿದು ಕೂತರು. ವಿಶ್ವವಿದ್ಯಾಲಯಕ್ಕಿದ್ದ ಯುದ್ಧ ಸಂಶೋಧನೆಯ ನಂಟಿನ ಮೇಲಿನ ಸಿಟ್ಟೂ ಇದಕ್ಕೆ ಸೇರಿಕೊಂಡಿತು. ಒಟ್ಟು ಐದು ಕಟ್ಟಡಗಳು ಅವರ ಕೈಯಲ್ಲಿದ್ದವು. ಏಪ್ರಿಲ್ 30ರ ನಸುಕಿನಲ್ಲಿ ಪೊಲೀಸರು ಒಳನುಗ್ಗಿ ಸುಮಾರು 700 ಜನರನ್ನು ಹಿಡಿದರು. ಜಿಮ್ಮಿನ ಕೆಲಸ ಆಗಲೇ ನಿಂತಿತ್ತು, 1969ರಲ್ಲಿ ಯೋಜನೆಯನ್ನೇ ಕೈಬಿಟ್ಟರು.

ಆಮೇಲೆ ಕೊಲಂಬಿಯಾ ಜಿಮ್ ಕಟ್ಟಿತು, ತನ್ನದೇ ಆವರಣದಲ್ಲಿ, ಬಹುಪಾಲು ನೆಲದ ಕೆಳಗೆ. ಅದು 1974ರಲ್ಲಿ ತೆರೆಯಿತು. ಅಂದರೆ ಪಾರ್ಕಿನ ನೆಲಕ್ಕೆ ಕೈ ಹಾಕದೆಯೂ ಆಗುತ್ತಿದ್ದ ಕೆಲಸ ಅದು. ಪಾರ್ಕಿನಲ್ಲಿ ತೋಡಿದ್ದ ಗುಂಡಿ ಮಾತ್ರ ಬೇಲಿಯ ಹಿಂದೆ ವರ್ಷಗಟ್ಟಲೆ ಹಾಗೇ ಬಿದ್ದಿತ್ತು. 1990ರ ಹೊತ್ತಿಗೆ ಅಲ್ಲಿ ಕೊಳ ಮಾಡಿ, ಬಂಡೆಯಿಂದ ಜಲಪಾತ ಬೀಳುವ ಹಾಗೆ ಮಾಡಿದರು. ಹಿನ್ನೆಲೆ ತಿಳಿಯದವರು ಅದು ಓಮ್‌ಸ್ಟೆಡ್ ಕಾಲದ್ದೇ ಅಂದುಕೊಂಡರೆ ಆಶ್ಚರ್ಯವಿಲ್ಲ.

ಬೇರೆ ದಾರಿಯೂ ಇದೆ ಅನ್ನುವುದಕ್ಕೆ ಸ್ಪೇನಿನ ಕ್ಯಾಟಲೋನಿಯಾದ ಓಲೋಟ್ ಸಾಕ್ಷಿ. ಆರ್‌ಸಿಆರ್ ಅನ್ನುವ ಸ್ಥಳೀಯ ವಾಸ್ತುಶಿಲ್ಪಿಗಳು, ಅಂದರೆ ರಫಾಯೆಲ್ ಅರಾಂಡಾ, ಕಾರ್ಮೆ ಪಿಜೆಮ್ ಮತ್ತು ರಮೋನ್ ವಿಲಾಲ್ಟಾ, ಅಲ್ಲಿ 2000ದಲ್ಲಿ ಊರಿಗೊಂದು ಓಟದ ಟ್ರ್ಯಾಕ್ ಮಾಡಿಕೊಟ್ಟರು. ಓಕ್ ಮರಗಳನ್ನು ಕಡಿದು ಸಪಾಟು ಮಾಡುವ ಬದಲು ಕಾಡಿನ ಬಯಲುಗಳಲ್ಲಿ ಟ್ರ್ಯಾಕ್ ಹಾಯಿಸಿದರು, ಮರಗಳು ಟ್ರ್ಯಾಕಿನ ಒಳಗೇ ಉಳಿದವು. ನೋಡುವವರಿಗೆ ಓಟಗಾರರು ಮರಗಳ ಮರೆಗೆ ಹೋಗಿ ಮತ್ತೆ ಕಾಣಿಸುತ್ತಾರೆ. ಸ್ಟೇಡಿಯಂ ಗ್ಯಾಲರಿಯ ಬದಲು ಮಣ್ಣಿನ ದಿಬ್ಬದ ಮೆಟ್ಟಿಲುಗಳಿವೆ. ಪಕ್ಕದಲ್ಲೇ ಒಂದು ಚಿಕ್ಕ ಪೆವಿಲಿಯನ್: ತುಕ್ಕಿನ ಬಣ್ಣದ ಉಕ್ಕಿನ ಎರಡು ಡಬ್ಬ, ಎರಡಕ್ಕೂ ಸೇರಿ ಒಂದೇ ಸೂರು, ನಡುವೆ ಗೋಡೆಯಿಲ್ಲದ ಜಾಗ. ಪಂದ್ಯಕ್ಕೆ ಬಂದವರೂ ಸುಮ್ನೆ ನಡೆಯಲು ಬಂದವರೂ ಆ ಸೂರಿನಡಿ ನಿಲ್ಲಬಹುದು. ಈ ಮೂವರಿಗೆ 2017ರಲ್ಲಿ ವಾಸ್ತುಶಿಲ್ಪದ ದೊಡ್ಡ ಗೌರವವಾದ ಪ್ರಿಟ್ಜ್‌ಕರ್ ಪ್ರಶಸ್ತಿ ಬಂತು. ಮರುವರ್ಷ ಅದು ಅಹಮದಾಬಾದಿನ ಬಾಲಕೃಷ್ಣ ದೋಶಿ ಅವರಿಗೆ ಸಂದಿತು.